ಹಳೆಯ ಝಿಯಾನ್, ಹೊಸ ಲ್ಯಾಪ್‌ಟಾಪ್: ಕೋರ್ ಎಣಿಸುವ ಮೊದಲು ಮೆಮೊರಿ ಚಾನೆಲ್ ಎಣಿಸಿ

ಡೇಟಾ ಸೆಂಟರ್‌ಗಳು ಹಳೆಯ ಸರ್ವರ್‌ಗಳನ್ನು ವಿಲೇವಾರಿ ಮಾಡಿದಾಗ ಅವುಗಳ ಪ್ರೊಸೆಸರ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಅವುಗಳಲ್ಲಿ ತುಂಬ ಓಡಾಡುವ ಹೆಸರು ಇಂಟೆಲ್ ಝಿಯಾನ್ ಇ5-2680 ವಿ4. 14 ಕೋರ್ (ಲೆಕ್ಕ ಮಾಡುವ ಘಟಕ), 28 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ), ಕೈಗೆಟುಕುವ ಬೆಲೆ. 8 ಕೋರ್‌ನ ಲ್ಯಾಪ್‌ಟಾಪ್‌ಗಿಂತ ಇದು ವೇಗವಾಗಿರಲೇಬೇಕು ಎಂದುಕೊಂಡು ಕೊಳ್ಳುವವರು ಬಹಳ. ಆದರೆ ದಿನನಿತ್ಯದ ಹೆಚ್ಚಿನ ಕೆಲಸಗಳಲ್ಲಿ ಅದು ಲ್ಯಾಪ್‌ಟಾಪ್‌ಗಿಂತ ನಿಧಾನ. ಕೊಳ್ಳಲು ಒಳ್ಳೆಯ ಕಾರಣಗಳು ಖಂಡಿತ ಇವೆ, ಆದರೆ ಅವನ್ನು ಬೇರೆ ಕಡೆ ಹುಡುಕಬೇಕು.

ಹೋಲಿಕೆಗೆ ಲ್ಯಾಪ್‌ಟಾಪ್ ಪ್ರೊಸೆಸರ್ ಎಎಂಡಿ ರೈಜೆನ್ 7 5800ಎಚ್ ತೆಗೆದುಕೊಳ್ಳೋಣ. ಝಿಯಾನ್ ಬಂದದ್ದು 2016ರಲ್ಲಿ, 14 ನ್ಯಾನೋಮೀಟರ್, 120 ವ್ಯಾಟ್, 35 ಎಂಬಿ ಎಲ್3 ಕ್ಯಾಷ್ (ಪ್ರೊಸೆಸರ್ ಒಳಗಿನ ಚುರುಕು ಮೆಮೊರಿ). ರೈಜೆನ್ ಬಂದದ್ದು 2021ರಲ್ಲಿ, 7 ನ್ಯಾನೋಮೀಟರ್, 45 ವ್ಯಾಟ್, 16 ಎಂಬಿ ಎಲ್3. ಒಂದೇ ಕೋರ್ ಓಡುವಾಗ ಝಿಯಾನ್ 3.3 ಗಿಗಾಹರ್ಟ್ಸ್ ತಲುಪಿದರೆ ರೈಜೆನ್ 4.4 ತಲುಪುತ್ತದೆ. ಎಲ್ಲ ಕೋರ್‌ಗಳೂ ದುಡಿಯುವಾಗ ಝಿಯಾನ್ 2.9ರಲ್ಲಿ ನಿಲ್ಲುತ್ತದೆ, ಗಾಳಿಯಾಡುವ ದಪ್ಪ ಲ್ಯಾಪ್‌ಟಾಪಿನಲ್ಲಿರುವ ರೈಜೆನ್ 3.8ರ ಸುತ್ತ ಓಡುತ್ತದೆ ಎಂದಿಟ್ಟುಕೊಳ್ಳಿ. ರೈಜೆನ್‌ನ ಝೆನ್ 3 ವಿನ್ಯಾಸ ಪ್ರತಿ ಕ್ಲಾಕ್‌ಗೆ ಝಿಯಾನ್‌ನ ಹಳೆಯ ಬ್ರಾಡ್‌ವೆಲ್‌ಗಿಂತ ಮೂರನೇ ಒಂದು ಭಾಗ ಹೆಚ್ಚು ಕೆಲಸ ಮಾಡುತ್ತದೆ ಎಂದು ಅಂದಾಜಿಸಿದರೆ ಲೆಕ್ಕ ಹೀಗೆ: ಝಿಯಾನ್‌ಗೆ 14 × 2.9 = 40.6, ರೈಜೆನ್‌ಗೆ 8 × 3.8 × 1.33 = 40.4. ಹೆಚ್ಚುಕಡಿಮೆ ಸಮ.

ಈ ಸಮಬಲ ಕೂಡ ಕೆಲಸವನ್ನು ಪೂರ್ತಿಯಾಗಿ ಹಂಚಲು ಬಂದರೆ ಮಾತ್ರ. ಕೆಲಸದ ಶೇ. 10 ಭಾಗ ಒಂದೇ ಕೋರ್‌ನಲ್ಲಿ ನಡೆಯಲೇಬೇಕು ಎಂದಾದರೆ, ಆಮ್ಡಾಲ್ ನಿಯಮದ ಪ್ರಕಾರ 14 ಕೋರ್‌ಗಳಿಂದ ಸಿಗುವ ವೇಗ 6.1 ಪಟ್ಟು, 8 ಕೋರ್‌ಗಳಿಂದ 4.7 ಪಟ್ಟು. ರೈಜೆನ್‌ನ ಒಂದೊಂದು ಕೋರ್ 1.75 ಪಟ್ಟು ಚುರುಕಾಗಿರುವುದರಿಂದ ಝಿಯಾನ್‌ನ 6.1ರ ಎದುರು ಅದರ 4.7 ಎಂಬುದು 8.2 ಆಗುತ್ತದೆ. ಬ್ರೌಸರ್, ಎಕ್ಸೆಲ್, ಕೋಡ್ ಲಿಂಕ್ ಮಾಡುವ ಹಂತ, ಹೆಚ್ಚಿನ ಆಟಗಳು ಎಲ್ಲವೂ ಈ ಬಗೆಯವೇ. ಇವುಗಳಿಗಾಗಿ ಝಿಯಾನ್ ಕೊಳ್ಳಬೇಡಿ.

ಹಾಗಾದರೆ ಸರ್ವರ್ ಪ್ರೊಸೆಸರ್‌ನ ನಿಜವಾದ ಬಂಡವಾಳ ಯಾವುದು? ಮೆಮೊರಿ. ಝಿಯಾನ್‌ಗೆ ಡಿಡಿಆರ್4-2400ರ ನಾಲ್ಕು ಚಾನೆಲ್‌ಗಳಿವೆ, ಅಂದರೆ ಪ್ರೊಸೆಸರ್ ಮತ್ತು ಮೆಮೊರಿ ನಡುವೆ ದತ್ತಾಂಶ ಓಡಾಡುವ ದಾರಿಗಳು; ಒಂದಕ್ಕೆ ಸೆಕೆಂಡಿಗೆ 19.2 ಜಿಬಿಯಂತೆ ಒಟ್ಟು 76.8. ರೈಜೆನ್‌ಗೆ ಡಿಡಿಆರ್4-3200ರ ಎರಡು ಚಾನೆಲ್, ಒಟ್ಟು 51.2. ಅದರ ರ‍್ಯಾಮ್ ಮಿತಿ 64 ಜಿಬಿ. ಝಿಯಾನ್‌ನ ಮಿತಿ 1.5 ಟಿಬಿ. ನಾಲ್ಕು ಸ್ಲಾಟ್‌ನ ಅಗ್ಗದ ಬೋರ್ಡ್‌ನಲ್ಲೂ 32 ಜಿಬಿಯ ನಾಲ್ಕು ಹಾಕಿದರೆ 128 ಜಿಬಿ ಆಯಿತು. 12 ಜಿಬಿಯ ಎಂಟು ವರ್ಚುವಲ್ ಮೆಷಿನ್‌ಗಳನ್ನು (ಒಂದೇ ಯಂತ್ರದೊಳಗೆ ಬೇರೆ ಕಂಪ್ಯೂಟರ್‌ಗಳಂತೆ ಓಡುವವು) ಒಟ್ಟಿಗೆ ಓಡಿಸಲು 96 ಜಿಬಿ ಬೇಕು. ಲ್ಯಾಪ್‌ಟಾಪ್ ಅಷ್ಟರಲ್ಲಿ ಎಸ್‌ಎಸ್‌ಡಿಯ ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ನಿಧಾನದ ಜಾಗ) ಮೊರೆ ಹೋಗಿರುತ್ತದೆ, ಆಮೇಲೆ ಕೋರ್ ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ.

ಇಲ್ಲೇ ಜನ ಸೋಲುವುದು. ದುಡ್ಡು ಉಳಿಸಲು ಒಂದೇ ರ‍್ಯಾಮ್ ಹಾಕಿ ಬಿಡುತ್ತಾರೆ. ಆಗ 14 ಕೋರ್‌ಗಳು 19.2 ಜಿಬಿಯನ್ನು ಹಂಚಿಕೊಳ್ಳಬೇಕು, ಕೋರ್‌ಗೆ 1.4 ಜಿಬಿಯೂ ಸಿಗುವುದಿಲ್ಲ. ನಾಲ್ಕೂ ಚಾನೆಲ್ ತುಂಬಿಸಿದರೆ ಕೋರ್‌ಗೆ 5.5 ಸಿಗುತ್ತದೆ. ಆದ್ದರಿಂದ 32 ಜಿಬಿ ಸಾಕು ಎನ್ನುವವರು 8 ಜಿಬಿಯ ನಾಲ್ಕು ಕೊಳ್ಳಲಿ, 32ರ ಒಂದು ಬೇಡ. ಬೋರ್ಡ್‌ನಲ್ಲಿ ಎಂಟು ಸ್ಲಾಟ್ ಇದ್ದರೆ ಯಾವ ನಾಲ್ಕನ್ನು ಮೊದಲು ತುಂಬಬೇಕು ಎಂಬುದನ್ನು ಮ್ಯಾನ್ಯುಯಲ್‌ನಲ್ಲಿ ನೋಡಿ. ಪಕ್ಕಪಕ್ಕದ ಎರಡು ಸ್ಲಾಟ್‌ಗಳು ಒಂದೇ ಚಾನೆಲ್‌ನವಾಗಿರಬಹುದು. ಒಂದೇ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ಗೂ ಇದೇ ಮಾತು: 51.2 ಅರ್ಧವಾಗುತ್ತದೆ, ಅದರಲ್ಲಿ ಒಳಗಿನ ಗ್ರಾಫಿಕ್ಸ್‌ಗೂ ಪಾಲು ಹೋಗುತ್ತದೆ.

ಎರಡನೆಯದು ಇಸಿಸಿ, ಅಂದರೆ ಮೆಮೊರಿಯ ತಪ್ಪನ್ನು ತಾನೇ ತಿದ್ದುವ ವ್ಯವಸ್ಥೆ. 64 ಬಿಟ್ ದತ್ತಾಂಶದ ಜೊತೆ 8 ಬಿಟ್ ಹೆಚ್ಚುವರಿ ಇಟ್ಟು, ಒಂದು ಬಿಟ್ ತಪ್ಪಾದರೆ ತಿದ್ದುತ್ತದೆ, ಎರಡು ತಪ್ಪಾದರೆ ಪತ್ತೆ ಹಚ್ಚುತ್ತದೆ. ಲಿನಕ್ಸ್‌ನಲ್ಲಿ ಯಂತ್ರಾಂಶದ ವಿವರ ತೋರಿಸುವ ಡಿಎಂಐಡಿಕೋಡ್ ಓಡಿಸಿದಾಗ ಒಟ್ಟು ಅಗಲ 72, ಡೇಟಾ ಅಗಲ 64 ಎಂದು ಬಂದರೆ ಇಸಿಸಿ ರ‍್ಯಾಮ್ ಇದೆ ಎಂದರ್ಥ. ವರ್ಷಗಟ್ಟಲೆ ಆರಿಸದೆ ಓಡುವ ಡೇಟಾಬೇಸ್‌ಗೆ, ಮನೆಯವರ ಫೋಟೋಗಳೆಲ್ಲ ಇರುವ ಸ್ಟೋರೇಜ್‌ಗೆ ಇದು ಬೇಕೇ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಎಚ್ಚರಿಕೆ: ಸರ್ವರ್‌ನ ರಿಜಿಸ್ಟರ್ಡ್ ರ‍್ಯಾಮ್ ಹಾಗೂ ಸಾಧಾರಣ ಡೆಸ್ಕ್‌ಟಾಪ್ ರ‍್ಯಾಮ್ ಬೆರೆಸಿದರೆ ಯಂತ್ರ ಬೂಟ್ ಆಗುವುದಿಲ್ಲ.

ಇನ್ನು ಪಿಸಿಐಇ ಲೇನ್‌ಗಳು, ಅಂದರೆ ಕಾರ್ಡ್‌ಗಳು ಪ್ರೊಸೆಸರ್‌ಗೆ ಸೇರುವ ದಾರಿಗಳು. ಝಿಯಾನ್‌ಗೆ 40 ಇವೆ: ಗ್ರಾಫಿಕ್ಸ್ ಕಾರ್ಡ್, 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್, ಡಿಸ್ಕ್ ಕಂಟ್ರೋಲರ್, ಎರಡು ಎನ್‌ವಿಎಂಇ ಎಸ್‌ಎಸ್‌ಡಿ ಎಲ್ಲಕ್ಕೂ ಸಾಕು. ಲ್ಯಾಪ್‌ಟಾಪ್‌ನಲ್ಲಿ ಕಾರ್ಡ್ ಹಾಕುವ ಮಾತೇ ಇಲ್ಲ. ಆದರೆ ಝಿಯಾನ್ ಒಳಗೆ ಗ್ರಾಫಿಕ್ಸ್ ಇಲ್ಲ ಎಂಬುದು ನೆನಪಿರಲಿ. ಒಂದು ಕಾರ್ಡ್ ಕೊಳ್ಳಲೇಬೇಕು, ವಿಡಿಯೋ ಎನ್‌ಕೋಡ್‌ಗೆ ಯಂತ್ರಾಂಶದ ನೆರವೂ ಅದರಿಂದಲೇ ಬರಬೇಕು. ರೈಜೆನ್‌ನಲ್ಲಿ ಎರಡೂ ಒಳಗೇ ಇವೆ.

ಮೇಲಿನ ಸಮಬಲದ ಲೆಕ್ಕ ಬುಡಮೇಲಾಗುವುದು ಬಿಸಿಯಿಂದ. ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್‌ಗೆ ಪೂರ್ತಿ ಹೊರೆ ಹೊರಿಸುವ ಸ್ಟ್ರೆಸ್-ಎನ್‌ಜಿಯನ್ನು ಎಲ್ಲ ಕೋರ್‌ಗಳ ಮೇಲೆ 30 ನಿಮಿಷ ಓಡಿಸಿ, ಇನ್ನೊಂದು ಕಿಟಕಿಯಲ್ಲಿ ವೇಗ ಮತ್ತು ತಾಪಮಾನ ನೋಡುತ್ತಿರಿ. ಮೊದಲ ನಿಮಿಷದ ಅಂಕಿಯನ್ನು ನಂಬಬೇಡಿ. ಕೊನೆಯ ಹತ್ತು ನಿಮಿಷದ್ದೇ ಅದರ ನಿಜವಾದ ವೇಗ. ತೆಳು ಲ್ಯಾಪ್‌ಟಾಪ್ 3.2ಕ್ಕೆ ಇಳಿದರೆ ನಮ್ಮ ಲೆಕ್ಕ 34ಕ್ಕೆ ಬರುತ್ತದೆ, ಝಿಯಾನ್ ಮುಂದೆ ಹೋಗುತ್ತದೆ. ಫ್ಯಾನ್ ಜಾಲರಿಯ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ ಮತ್ತೆ ಅಳೆಯಿರಿ.

ಕರೆಂಟು ಬೇರೆಯೇ ಕಥೆ. ಇಂಥ ಝಿಯಾನ್ ಡೆಸ್ಕ್‌ಟಾಪ್ ಸುಮ್ಮನೆ ಕೂತಾಗಲೂ 70 ವ್ಯಾಟ್ ಎಳೆದರೆ ತಿಂಗಳಿಗೆ 50 ಯೂನಿಟ್. 10 ವ್ಯಾಟ್‌ನ ಲ್ಯಾಪ್‌ಟಾಪ್‌ಗೆ 7. ಗೃಹಜ್ಯೋತಿಯಲ್ಲಿರುವ ಮನೆಯಾದರೆ ಕೊಳ್ಳುವ ಮೊದಲು ಬಿಲ್ ತೆಗೆದು ನೋಡಿ: ನಿಮ್ಮ ಅರ್ಹತೆಯ ಯೂನಿಟ್ ಮೀರಿದರೆ ಹೆಚ್ಚುವರಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಲ್ಯಾಪ್‌ಟಾಪನ್ನೇ 24 ಗಂಟೆ ಸರ್ವರ್ ಮಾಡುವುದಾದರೆ ಬ್ಯಾಟರಿಯ ಚಾರ್ಜ್ ಮಿತಿಯನ್ನು ಶೇ. 60ಕ್ಕೆ ಇಡಿ. ಸದಾ 100ರಲ್ಲಿ, ಬಿಸಿಯಲ್ಲಿ ಇಟ್ಟರೆ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆ ತಳ್ಳಬಹುದು.

ಝಿಯಾನ್ ಜೋಡಿಸುವವರು ಸಾಕೆಟ್ 2011-3ರ ಪಿನ್‌ಗಳನ್ನು ಟಾರ್ಚ್ ಹಿಡಿದು ನೋಡಲಿ. ಪಿನ್ ಇರುವುದು ಬೋರ್ಡ್‌ನಲ್ಲಿ, ಒಂದು ಬಾಗಿದರೂ ಒಂದು ಮೆಮೊರಿ ಚಾನೆಲ್ ಕಾಣೆಯಾಗಬಹುದು. ಕೂಲರ್ ಕೊಳ್ಳುವಾಗ ರಂಧ್ರಗಳ ಅಂತರ ಅಳೆಯಿರಿ: ಚೌಕ ಮಾದರಿಗೆ 80 × 80 ಮಿಲಿಮೀಟರ್, ಕಿರಿದಾದ ಸರ್ವರ್ ಮಾದರಿಗೆ 56 × 94. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಅಗ್ಗದ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೆ ಹೋಗುವ ವಿದ್ಯುತ್ತನ್ನು ಹದಗೊಳಿಸುವ ವಿಆರ್‌ಎಂ ಮೇಲೆ ನೇರ ಗಾಳಿ ಬೀಳುವಂತೆ ಒಂದು ಫ್ಯಾನ್ ಇಡಿ. ಬಯೋಸ್ ತಿದ್ದಿ ಎಲ್ಲ ಕೋರ್‌ಗಳಿಗೂ ಗರಿಷ್ಠ ಟರ್ಬೊ ವೇಗ ಕೊಡಿಸುವ ಉಪಾಯ ಹಿಂದಿನ ವಿ3 ಪೀಳಿಗೆಗೆ ಮಾತ್ರ, ವಿ4ರಲ್ಲಿ ನಡೆಯದು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಆಧಾರಿತ ಡೆಬಿಯನ್ ಅಥವಾ ಪ್ರಾಕ್ಸ್‌ಮಾಕ್ಸ್ ಹಾಕಿಕೊಳ್ಳುವವರಿಗೆ ಆ ತಲೆನೋವಿಲ್ಲ.