ಸ್ವಾಮಿಗೆ ಹಾಜರಿ ಹಾಕಿದವರು ಯಾರು?

ಏಳನೇ ಕ್ಲಾಸಿನಲ್ಲಿ ನಾನು ಸಾಲಾಗಿ ನಾಲ್ಕು ದಿನ ಶಾಲೆ ತಪ್ಪಿಸಿದ್ದೆ. ಜ್ವರ ಅಂತ ಅಣ್ಣನ ಹತ್ತಿರ ಚೀಟಿ ಬರೆಸಿಕೊಂಡು ಹೋದರೆ, ಹೆಡ್‌ಮೇಷ್ಟ್ರು ಅದನ್ನು ಬಿಚ್ಚಿಯೂ ನೋಡಲಿಲ್ಲ. “ಎಂತ ಜ್ವರನೇ? ಶೂಟಿಂಗ್ ಜ್ವರನಾ?” ಅಂದರು. ಇಡೀ ಕ್ಲಾಸು ನಕ್ಕಿತು. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಅದೇ ನಾಲ್ಕು ದಿನ ನಮ್ಮ ಕ್ಲಾಸಿನ ಆರು ಹುಡುಗರೂ ಅಲ್ಲೇ ಇದ್ದರು, ಅವರಿಗೆಲ್ಲ ಹಾಜರಿ ಬಿದ್ದಿತ್ತು. ಯಾಕೆ ಸಾರ್ ಅಂದದ್ದಕ್ಕೆ, “ಅವರು ಕ್ಲಾಸಿನಲ್ಲೇ ಕೂತಿದ್ದರಲ್ಲ ಮಾರಾಯ್ತಿ” ಅಂದರು.

ಮಾತು ಸುಳ್ಳೇನಲ್ಲ. ಅವರು ಕೂತದ್ದು ಮಾಲ್ಗುಡಿಯ ಕ್ಲಾಸಿನಲ್ಲಿ.

1986ರ ಆಸುಪಾಸು. ಶಂಕರ್‌ನಾಗ್ ತಮ್ಮ ತಂಡ ಕಟ್ಟಿಕೊಂಡು ನಮ್ಮೂರು ಆಗುಂಬೆಗೆ ಬಂದಿದ್ದರು. ಮಾಲ್ಗುಡಿ ಅನ್ನುವ ಕಲ್ಪನೆಯ ಊರಿನ ಆರ್. ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಅಂತ ಧಾರಾವಾಹಿ ಮಾಡುತ್ತಾರಂತೆ ಅನ್ನುವುದೆಲ್ಲ ದೊಡ್ಡವರ ಮಾತು. ನಮಗೆ ಕಂಡದ್ದು ಇಷ್ಟು: ಕಲಾ ನಿರ್ದೇಶಕ ಜಾನ್ ದೇವರಾಜ್ ಅವರ ಕಡೆಯವರು ಪೇಟೆಯ ಬೋರ್ಡುಗಳನ್ನೆಲ್ಲ ಬದಲಾಯಿಸಿದರು, ನಡುವೆ ಒಬ್ಬ ಇಂಗ್ಲಿಷ್ ದೊರೆಯ ಪ್ರತಿಮೆ ನಿಲ್ಲಿಸಿದರು. ಬಸ್ಸಿನಿಂದ ಇಳಿದ ನಮ್ಮ ಅತ್ತೆ ಆ ದೊರೆಯನ್ನು ನೋಡಿ, ನಿದ್ದೆಯಲ್ಲಿ ಸ್ಟಾಪ್ ದಾಟಿಬಿಟ್ಟೆ ಅಂತ ಗಾಬರಿಯಾಗಿ ಮತ್ತೆ ಬಸ್ಸು ಹತ್ತಲು ಹೋಗಿದ್ದರು.

ಹುಡುಗರನ್ನು ಆರಿಸಲು ಬಂದವರು ಹುಡುಗಿಯರ ಬೆಂಚಿನ ಕಡೆ ನೋಡಲೇ ಇಲ್ಲ. ಕಥೆಯಲ್ಲಿ ಬರುವುದು ಗಂಡುಮಕ್ಕಳ ಶಾಲೆಯಂತೆ. ಹಾಗಾಗಿ ನಾನು ದೊಡ್ಡಮನೆ ಎದುರಿನ ಗುಂಪಿನಲ್ಲಿ, ಹಗ್ಗದ ಈಚೆ. ಆ ಮನೆಯೇ ಕಥೆಯ ಹುಡುಗ ಸ್ವಾಮಿಯ ಮನೆ. ಗಿರೀಶ ಕಾರ್ನಾಡರು ಅಪ್ಪ, ವೈಶಾಲಿ ಕಾಸರವಳ್ಳಿ ಅಮ್ಮ. ಸ್ವಾಮಿ ಮಾತ್ರ ನಮಗಿಂತ ಚಿಕ್ಕ ಹುಡುಗ, ತಲೆ ಮೇಲೊಂದು ಟೋಪಿ. ಮಾಸ್ಟರ್ ಮಂಜುನಾಥ್.

ನನಗೆ ಅವನ ಮೇಲೆ ಇದ್ದದ್ದು ಶುದ್ಧ ಹೊಟ್ಟೆಕಿಚ್ಚು. ಮಗ್ಗಿ ಇಲ್ಲ, ಕಾಪಿ ಬರೆಯುವುದಿಲ್ಲ, ಕಾರ್ನಾಡರ ಜೊತೆ ಜಗಲಿಯಲ್ಲಿ ಕೂರುವುದು! ಎರಡನೇ ದಿನದ ಹೊತ್ತಿಗೆ ಹೊಟ್ಟೆಕಿಚ್ಚು ಸ್ವಲ್ಪ ಇಳಿಯಿತು. ಯಾಕೆಂದರೆ ಒಂದೇ ಮಾತನ್ನು ಆ ಹುಡುಗ ಎಷ್ಟು ಸಲ ಹೇಳುತ್ತಾನೆ ಅಂತ ನಾನು ಬೆರಳು ಮಡಚುತ್ತಾ ಹೋಗಿ, ಎರಡೂ ಕೈ ಮುಗಿದವು. ಲೈಟು ಸರಿಯಿಲ್ಲ, ಇನ್ನೊಮ್ಮೆ. ಮೋಡ ಬಂತು, ತಡಿ. ಯಾರದೋ ದನ ನುಗ್ಗಿತು, ಇನ್ನೊಮ್ಮೆ. ಎಲ್ಲ ಸರಿ ಬಂತು ಅನ್ನುವಾಗ ಅದೇ ದೃಶ್ಯ ಮತ್ತೆ ಮೊದಲಿನಿಂದ, ಈ ಸಲ ಬೇರೆ ಭಾಷೆಯಲ್ಲಿ. ಶುರುವಿನ ಕಂತುಗಳನ್ನು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಮಾಡುತ್ತಿದ್ದರು. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಶುರುವಾದದ್ದೇ ಐದನೇ ಕ್ಲಾಸಿಗೆ. ಹಿಂದಿ ಮೇಷ್ಟ್ರ ಹುದ್ದೆ ಆ ವರ್ಷ ಖಾಲಿ. ಈ ಹುಡುಗ ಅದೇ ನಗು, ಅದೇ ಅಳುಬುರುಕು ಮೋರೆ, ಅದೇ ಜಾಗದಲ್ಲಿ ತಿರುಗಿ ನೋಡುವುದು, ಎರಡು ಭಾಷೆಯಲ್ಲಿ. ಆಮೇಲೆ ಹೋಗಿ ಜಗಲಿಯ ಅಂಚಿನಲ್ಲಿ ಕೂತ. ಆಟಕ್ಕೆ ಕರೆಯೋಣ ಅಂತ ನಮ್ಮ ಹುಡುಗರು ಚೆಂಡು ತೋರಿಸಿದರು. ಏಳುವುದರೊಳಗೆ ಒಳಗಿಂದ ಕೂಗು ಬಂತು, ಮುಂದಿನ ಶಾಟ್ ರೆಡಿ.

ನಾಲ್ಕು ಗಂಟೆಗೆ ನಮಗೆ ಗಂಟೆ ಹೊಡೆಯುತ್ತಿತ್ತು. ಅವನಿಗೆ ಗಂಟೆ ಹೊಡೆಯುವವರು ಯಾರೂ ಇದ್ದಂತೆ ಕಾಣಲಿಲ್ಲ.

ಧಾರಾವಾಹಿ ಬಂದಾಗ ನಾವ್ಯಾರೂ ಅದನ್ನು ಊರಿನಲ್ಲಿ ನೋಡಲಿಲ್ಲ. ಊರಿನಲ್ಲಿ ಟಿ.ವಿ. ಇದ್ದದ್ದೇ ಒಂದೋ ಎರಡೋ ಮನೆಯಲ್ಲಿ, ಅದರಲ್ಲೂ ಮಳೆ ಬಿದ್ದಂತೆ ಚುಕ್ಕಿ ಬೀಳುವುದೇ ಹೆಚ್ಚು. (ಆಗುಂಬೆಯಲ್ಲಿ ಒಳಗೂ ಮಳೆ, ಹೊರಗೂ ಮಳೆ.) ಶಿವಮೊಗ್ಗದ ಮಾವನ ಮನೆಗೆ ರಜೆಗೆ ಹೋದಾಗ ನೋಡಿದೆ. ಎಲ್. ವೈದ್ಯನಾಥನ್ ಅವರ ಆ ‘ತಾನಾ ನನ ತಾನನ’ ಶುರುವಾಯಿತು, ಆರ್. ಕೆ. ಲಕ್ಷ್ಮಣರ ಚಿತ್ರಗಳು ಬಂದವು, ಆಮೇಲೆ ನಮ್ಮ ಬೀದಿ. ಬೆರಳು ಮಡಚಿ ಎಣಿಸಿದ್ದ ಆ ಮಾತೂ ಬಂತು, ಹಿಂದಿಯಲ್ಲಿ. ಈಗಷ್ಟೇ ಬಾಯಿಗೆ ಬಂದ ಹಾಗೆ ಹೇಳುತ್ತಾನೆ! ಅದರ ಹಿಂದೆ ಹತ್ತು ಸಲ ಇದೆ ಅಂತ ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಹೇಳಿದರೆ ಯಾರೂ ನಂಬಲಿಲ್ಲ. “ಮಕ್ಕಳಿಗೆಲ್ಲ ಅದು ಸಹಜವಾಗಿ ಬರ್ತದೆ” ಅಂದರು ಮಾವ. ಈಗಲೂ ಬಾಲನಟರ ಬಗ್ಗೆ ಯಾರಾದರೂ ‘ಸಹಜ’ ಅಂದರೆ ನನ್ನ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ.

ಆಮೇಲೆ ಅವನನ್ನು ಅಲ್ಲಲ್ಲಿ ನೋಡುತ್ತಾ ಹೋದೆ. 1988ರ ‘ಸಾಂಗ್ಲಿಯಾನ’ದಲ್ಲಿ ಮತ್ತೆ ಶಂಕರ್‌ನಾಗ್ ಜೊತೆ. 1990ರಲ್ಲಿ ನಾನು ಶಿವಮೊಗ್ಗದಲ್ಲಿ ಪಿಯುಸಿ. ಹಾಸ್ಟೆಲಿನವರೆಲ್ಲ ಅಮಿತಾಭ್ ಬಚ್ಚನ್ ಅವರ ‘ಅಗ್ನಿಪಥ್’ಗೆ ಹೋದೆವು. ಬಚ್ಚನ್ ಬರುವ ಮೊದಲು, ಹಳ್ಳಿಯ ಮೇಷ್ಟ್ರ ಮಗನಾಗಿ, ಅಪ್ಪನನ್ನು ಕಳೆದುಕೊಂಡ ಆ ಚಿಕ್ಕ ವಿಜಯ್ ಆಗಿ ಬಂದವನು ಯಾರು? ನಮ್ಮ ಸ್ವಾಮಿ. ಟೋಪಿ ಇಲ್ಲ, ನಗುವೂ ಇಲ್ಲ. ಕಣ್ಣಲ್ಲಿ ಮಾತ್ರ ಬೆಂಕಿ. “ಇವನು ನಮ್ಮೂರಿನಲ್ಲಿ ಹಿಂದಿ ಮಾತಾಡಿದವನು” ಅಂತ ಕತ್ತಲಲ್ಲೇ ಕೂಗಿಕೊಂಡೆ. ಹಿಂದಿನ ಸೀಟಿನವರು ಸುಮ್ಮನಿರಿಸಿದರು.

ಅದೇ ವರ್ಷ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾಗಿ ಶಂಕರ್‌ನಾಗ್ ಹೋದರು. ಇನ್ನೂ 35 ವಯಸ್ಸು. ಹಾಸ್ಟೆಲಿನಲ್ಲಿ ಎಲ್ಲರೂ ಆಟೋರಾಜನಿಗಾಗಿ ಅತ್ತರು. ನನಗೆ ಕಣ್ಣ ಮುಂದೆ ಬಂದದ್ದು, ದೊಡ್ಡಮನೆ ಅಂಗಳದಲ್ಲಿ ಬಗ್ಗಿ ನಿಂತು ಆ ಹುಡುಗನ ಎತ್ತರಕ್ಕೆ ಮುಖ ತಂದು ಏನನ್ನೋ ಹೇಳಿಕೊಡುತ್ತಿದ್ದ ಶಂಕರ್‌ನಾಗ್. ಶಂಕರ್‌ನಾಗ್ ಹೋದಾಗ ಆ ಹುಡುಗನಿಗೆ ಇನ್ನೂ ಹದಿನಾಲ್ಕೂ ತುಂಬಿರಲಿಲ್ಲ.

ಮೂರನೇ ವಯಸ್ಸಿಗೇ ಕ್ಯಾಮೆರಾ ಮುಂದೆ ನಿಂತಿದ್ದ ಮಂಜುನಾಥ್ ಹತ್ತೊಂಬತ್ತಕ್ಕೆಲ್ಲ ನಟನೆ ಬಿಟ್ಟರು, ಓದು ಮುಗಿಸಿದರು, ಬೆಂಗಳೂರಿನಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸ ಹಿಡಿದರು. ಎಂಥ ಅವಕಾಶ ಬಿಟ್ಟರಲ್ಲ ಅಂತ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರತಿ ವರ್ಷ ಒಂದು ಸಲ ಚರ್ಚೆ ಏಳುತ್ತದೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಹತ್ತೊಂಬತ್ತಕ್ಕೆ ಇನ್ನೂ ಮೊದಲ ಕೆಲಸಕ್ಕೆ ಅರ್ಜಿಯನ್ನೂ ಹಾಕಿರಲಿಲ್ಲ. ಹದಿನಾರು ವರ್ಷ ಸರ್ವೀಸಾದ ಮೇಲೆ ಒಬ್ಬ ಮನುಷ್ಯ ಕಾಲೇಜಿಗೆ ಹೋಗಬೇಕು ಅಂದುಕೊಂಡರೆ ನಮಗೇನು ಕಷ್ಟ?

ಕಳೆದ ಸಲ ಊರಿಗೆ ಬಂದವಳು ಅರಸಾಳಿಗೂ ಹೋಗಿದ್ದೆ. ಮಾಲ್ಗುಡಿ ಸ್ಟೇಷನ್ ಆಗಿದ್ದ ಅಲ್ಲಿನ ಹಳೆಯ ರೈಲು ನಿಲ್ದಾಣ ಈಗ ಮಾಲ್ಗುಡಿ ಮ್ಯೂಸಿಯಂ. ಅಲ್ಲಿಂದ ಶಾಲೆಗೆ ಬಂದು, ತಮಾಷೆಗೆ, 1986ರ ಹಾಜರಿ ಪುಸ್ತಕ ಇದೆಯಾ ಅಂತ ಕೇಳಿದೆ. ಈಗಿನ ಹೆಡ್‌ಮೇಡಂ ಪಾಪ, ಬೀರು ತೆಗೆಸಿ ಹುಡುಕಿಸಿದರು. ಆ ವರ್ಷದ್ದನ್ನು ಗೆದ್ದಲು ತಿಂದಿದೆಯಂತೆ. ನನಗೇನೂ ಬೇಜಾರಿಲ್ಲ. ಆ ಆರು ಹುಡುಗರ ಹಾಜರಿಯನ್ನೂ ತಿಂದಿರುತ್ತದಲ್ಲ.