ಕಂಪಾಲದಲ್ಲಿ ದಮ್ಮಿಗೆ ಮದ್ದು

ನಾನು ಉಗಾಂಡದ ಕಂಪಾಲದಲ್ಲಿ, ಒಂದು ಪುಟ್ಟ ಕ್ಲಿನಿಕ್ಕಿನ ಫಾರ್ಮಸಿಸ್ಟ್. ಊರಿಗೆ ಫೋನ್ ಮಾಡಿದಾಗಲೆಲ್ಲ "ಅಲ್ಲಿ ಮಲೇರಿಯಾ ಜಾಸ್ತಿ ಅಲ್ವಾ?" ಅಂತ ಕೇಳುತ್ತಾರೆ. ಜಾಸ್ತಿಯೇ. ಆದರೆ ನನ್ನನ್ನು ಕಾಡುವುದು ದಮ್ಮು, ಡಾಕ್ಟರುಗಳು ಸಿಒಪಿಡಿ ಅನ್ನುವ, ಉಸಿರಿನ ದಾರಿ ಕಿರಿದಾಗಿ ಉಸಿರಾಟವೇ ಕಷ್ಟವಾಗುವ ಕಾಯಿಲೆ. 70 ವರ್ಷದೊಳಗೆ ಇದರಿಂದ ಸಾಯುವವರಲ್ಲಿ ಹತ್ತಿರ ಹತ್ತಿರ ಶೇ. 90 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಸಿಗರೇಟು ಮುಟ್ಟದ ಹೆಂಗಸರಿಗೂ ಇದು ಬರುತ್ತದೆ. ಇಲ್ಲಿ ಬಹುಪಾಲು ಮನೆಗಳಲ್ಲಿ ಅಡುಗೆಗೆ ಇನ್ನೂ ಸೌದೆ, ಇದ್ದಿಲೇ ಗತಿ. ಮತೋಕೆ ಅನ್ನೋ ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ. ಹೊಗೆಯೆಲ್ಲ ಎದೆಗೆ. ಕ್ಷಯ ವಾಸಿಯಾದ ಮೇಲೂ ಕೆಲವರ ಶ್ವಾಸಕೋಶ ಹಾಳಾಗಿಯೇ ಉಳಿಯುತ್ತದೆ. ಕೆಮ್ಮು ಅಂದರೆ ಮೊದಲು ಕಫ ಪರೀಕ್ಷೆ. ಅದರಲ್ಲಿ ಕ್ಷಯ ಇಲ್ಲ ಅಂತ ಬಂದರೆ ಎಷ್ಟೋ ಸಲ ಆಂಟಿಬಯೋಟಿಕ್ ಕೊಟ್ಟು ಮನೆಗೆ ಕಳಿಸುತ್ತಾರೆ. ಊದಿಸಿ ನೋಡುವ ಸ್ಪೈರೋಮೀಟರ್ ಬೇಕಂದರೆ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಉಗಾಂಡ 2001ರಲ್ಲೇ ಸರ್ಕಾರಿ ಆಸ್ಪತ್ರೆಗಳ ಶುಲ್ಕ ತೆಗೆದುಹಾಕಿತು. ಒಳ್ಳೆಯ ಕೆಲಸ. ಆದರೆ ಇನ್ಹೇಲರ್ ಸ್ಟಾಕ್ ಇಲ್ಲ ಅಂದರೆ ಹೊರಗೆ ದುಡ್ಡು ಕೊಟ್ಟೇ ತರಬೇಕು. ಅಷ್ಟು ಆಗದವರು ನನ್ನ ಹತ್ತಿರ ಉಸಿರಿನ ದಾರಿ ಸಡಿಲಿಸುವ ಸಾಲ್ಬುಟಮಾಲ್ ಮಾತ್ರೆ ಕೇಳುತ್ತಾರೆ. 4 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿರುವ ಔಷಧಿ ಇನ್ಹೇಲರ್‌ನ 40 ಪಫ್‌ನಷ್ಟು! ಅದು ಮೈಗೆಲ್ಲ ಹರಡಿ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಕೊಡುವಾಗ ನನಗೆ ಸಂಕಟ.

ಇನ್ಹೇಲರ್ ಸಿಕ್ಕರೂ ಒತ್ತುವುದು, ಉಸಿರೆಳೆಯುವುದು ಒಟ್ಟಿಗೇ ಆಗಬೇಕು. ವಯಸ್ಸಾದವರಿಗೆ ಕಷ್ಟ. ಇನ್ಹೇಲರ್‌ಗೂ ಬಾಯಿಗೂ ನಡುವೆ ಮದ್ದು ಹಿಡಿದಿಡುವ ಸ್ಪೇಸರ್ ಅನ್ನೋ ಕೊಳವೆ ಇದ್ದರೆ ಸುಲಭ, ಆದರೆ ಅದು ದುಬಾರಿ. ಅದಕ್ಕೇ ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ ತರಿಸುತ್ತೇವೆ. ತಳದಲ್ಲಿ ಇನ್ಹೇಲರ್ ಬಾಯಿಯ ಅಳತೆಗೆ ಸರಿಯಾಗಿ ತೂತು ಕೊಯ್ದು, ಸಿಕ್ಕಿಸಿ, ಗಾಳಿ ಸೋರದಂತೆ ಸುತ್ತ ಟೇಪ್ ಅಂಟಿಸುತ್ತೇವೆ. ಬಾಟಲಿ ಬಾಯಿಗೆ ತುಟಿ ಬಿಗಿಹಿಡಿದು, ಒಂದು ಸಲ ಒತ್ತಿ, ನಿಧಾನವಾಗಿ ನಾಲ್ಕೈದು ಸಲ ಉಸಿರಾಡಿದರೆ ಆಯಿತು. ಸುಮ್ನೆ ಜುಗಾಡ್ ಅಂದುಕೊಳ್ಳಬೇಡಿ. ಆಸ್ತಮಾ ಇರುವ ಮಕ್ಕಳಲ್ಲಿ ಇದು ಅಂಗಡಿ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಕೇಪ್ ಟೌನಿನ ವೈದ್ಯರು 1999ರಲ್ಲೇ ತೋರಿಸಿದ್ದಾರೆ.

ಒಬ್ಬ ಅಜ್ಜಿ ಇನ್ಹೇಲರ್ ಬೇಡವೇ ಬೇಡ ಅಂದಿದ್ದರು. ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ ಅನ್ನೋ ಭಯ. ನಮ್ಮೂರಲ್ಲೂ ಇದೇ ಮಾತು ಅಲ್ವಾ? "ಜಜ್ಜಾ (ಇಲ್ಲಿ ಅಜ್ಜಿಯನ್ನು ಹೀಗೇ ಕರೆಯೋದು), ಮದ್ದು ಚಟ ಹಿಡಿಸಲ್ಲ. ಕಾಯಿಲೆಯೇ ಪೂರ್ತಿ ಹೋಗುವಂಥದ್ದಲ್ಲ, ಅದಕ್ಕೇ ಮದ್ದು ಕೈಯಲ್ಲಿರಬೇಕು" ಅಂದೆ. ಈಗ ಬಾಟಲಿ ಹಾಳಾದರೆ ಹೊಸದನ್ನು ಅವರೇ ತರುತ್ತಾರೆ. ಬಾಟಲಿಗೇನು, ಎಲ್ಲೆಡೆ ಸಿಗುತ್ತದೆ. ಅದಕ್ಕೆ ಸಿಕ್ಕಿಸುವ ಇನ್ಹೇಲರ್ ಪ್ರತಿ ತಿಂಗಳೂ ಸಿಗುವಂತಾಗಬೇಕು.