ಆ ಊರಿಗೂ ನಿಮಗೂ ಏನು ಸಂಬಂಧ?

ನಮ್ಮ ಮನೆಯ ಗೋಡೆಯ ಮೇಲೆ ಅಮೆರಿಕದ ಸಣ್ಣಪುಟ್ಟ ಊರುಗಳ ಕಟ್ಟಡಗಳ ಚಿತ್ರವಿರುವ ಹಳೆಯ ಪಿಂಗಾಣಿ ತಟ್ಟೆಗಳಿವೆ. ಇಲಿನಾಯ್‌ಗೆ ಬಂದು ನೆಲೆಸಿದ ಮೇಲೆ ಕೂಡಿಟ್ಟವು. ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಆ ಊರಿಗೂ ನಿಮಗೂ ಏನು ಸಂಬಂಧ? ಯಾವ ಸಂಬಂಧವೂ ಇಲ್ಲ. ಉತ್ತರ ಇಲ್ಲಿಗೇ ಮುಗಿಯಬೇಕು, ಆದರೆ ಕೇಳಿದವರು ಸುಮ್ಮನಾಗುವುದಿಲ್ಲ; ಮೈಸೂರು ಅರಮನೆಯದೋ ಬೇಲೂರಿನದೋ ಆಗಿದ್ದರೆ ಒಪ್ಪಬಹುದಿತ್ತು, ಯಾರದೋ ಊರಿನ ಅಂಚೆ ಕಚೇರಿಗಾಗಿ ಮೊಳೆ ಹೊಡೆದು ಗೋಡೆ ಹಾಳು ಮಾಡುವುದೇಕೆ ಎಂಬ ಬುದ್ಧಿಮಾತು ಬೆನ್ನಿಗೇ ಬರುತ್ತದೆ. ಗೋಡೆ ನನ್ನದು, ಮೊಳೆಯೂ ನನ್ನದು.

ಕಳೆದ ಸಂಕ್ರಾಂತಿಯಂದು ಮನೆಗೆ ಬಂದ ಹಿರಿಯರೊಬ್ಬರು ಕೋರ್ಟಿನ ಚಿತ್ರವಿದ್ದ ತಟ್ಟೆಯನ್ನು ನನ್ನನ್ನು ಕೇಳದೆಯೇ ಇಳಿಸಿ, ಮಗುಚಿ, ತಳದಲ್ಲಿದ್ದ ‘ಜರ್ಮನಿ’ ಎಂಬ ಅಚ್ಚನ್ನು ಓದಿ, “ಅಮೆರಿಕದ ಊರು ಅಂತೀರಿ, ನಿಮಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ” ಎಂದು ತೀರ್ಪು ಕೊಟ್ಟರು. ಎಳ್ಳು ಬೆಲ್ಲ ತಿಂದ ಬಾಯಲ್ಲಿ ಒಳ್ಳೆಯ ಮಾತನ್ನೇ ಆಡಬೇಕಾದ ದಿನವಾದ್ದರಿಂದ ಸುಮ್ಮನಿದ್ದೆ. ಈ ಬರಹಕ್ಕೆ ಆ ಕಟ್ಟುಪಾಡಿಲ್ಲ.

ಯಾರೂ ಟೋಪಿ ಹಾಕಿಲ್ಲ. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯಿದೆ ವಿಧಿಸಿತ್ತು, ಮತ್ತು ಆ ಕಾಲದಲ್ಲಿ ಇಂಥ ತಟ್ಟೆಗಳು ಬರುತ್ತಿದ್ದುದೇ ಹೆಚ್ಚಾಗಿ ಜರ್ಮನಿಯಿಂದ, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಿಂದ. ಊರಿನ ಔಷಧದ ಅಂಗಡಿಯವನೋ ಜವಳಿ ಅಂಗಡಿಯವನೋ ಕೋರ್ಟು, ಪ್ರೌಢಶಾಲೆ, ಗ್ರಂಥಾಲಯಗಳ ಫೋಟೋಗಳನ್ನು ಇಲಿನಾಯ್‌ನ ಪಿಯೋರಿಯಾ ಊರಿನ ವೀಲಾಕ್ ಕಂಪನಿಯಂಥ ಆಮದುದಾರರಿಗೆ ಕೊಡುತ್ತಿದ್ದ. ಅವು ಸಮುದ್ರ ದಾಟಿ, ತಟ್ಟೆಯಾಗಿ, ಕೆಲವೊಮ್ಮೆ ಅದೇ ಅಂಗಡಿಯವನ ಹೆಸರನ್ನೂ ತಳದಲ್ಲಿ ಹೊತ್ತು ಮಾರಾಟಕ್ಕೆ ಊರಿಗೆ ಮರಳುತ್ತಿದ್ದವು. 1914ರ ಯುದ್ಧ ಜರ್ಮನಿಯ ಸರಕಿಗೆ ತಡೆ ಹಾಕಿತು.

ಆದ್ದರಿಂದ ಸಂಬಂಧವನ್ನೇ ಕೇಳುವುದಿದ್ದರೆ, ತಟ್ಟೆ ಮಾಡಿದ ಕೆಲಸಗಾರರಿಗೂ ಆ ಊರಿಗೂ ಏನು ಸಂಬಂಧವೆಂದು ಕೇಳಿ, ಸಂತೋಷದಿಂದ ಹೇಳುತ್ತೇನೆ. ಸ್ಟಾಫರ್ಡ್‌ಶೈರ್‌ನಲ್ಲಿ ತಾಮ್ರದ ಫಲಕದ ಮೇಲೆ ಕೆತ್ತಿದ ಚಿತ್ರಕ್ಕೆ ಕೋಬಾಲ್ಟ್ ನೀಲಿ ತುಂಬಿ, ತೆಳುಕಾಗದದ ಮೇಲೆ ಅಚ್ಚು ತೆಗೆದು, ಒಮ್ಮೆ ಸುಟ್ಟು ಇನ್ನೂ ಹೊಳಪು ಕೊಡದ ತಟ್ಟೆಗೆ ಅದನ್ನು ಅಂಟಿಸಿ, ಒರಟು ಕುಂಚದಿಂದ ಉಜ್ಜಿ, ಕಾಗದವನ್ನು ನೀರಿನಲ್ಲಿ ತೊಳೆದುಬಿಡುತ್ತಿದ್ದರು. ಅಂಚಿನ ಹೂಬಳ್ಳಿಯ ಕಾಗದ ಸುತ್ತಿ ಬಂದು ಕೂಡುವ ಕಡೆ ಒಂದು ಹೂವು ಅರ್ಧಕ್ಕೇ ತುಂಡಾಗಿರುತ್ತದೆ. ಅಲ್ಲಿ ಬೆರಳಿಟ್ಟು ತೋರಿಸಿದರೆ, “ಡಿಫೆಕ್ಟ್ ಪೀಸಾ? ಕಡಿಮೆಗೆ ಸಿಕ್ಕಿರಬೇಕು” ಎನ್ನುತ್ತಾರೆ. ಜರ್ಮನಿಯ ಎಷ್ಟೋ ತಟ್ಟೆಗಳಲ್ಲಿ ಅಚ್ಚಿನ ಮೇಲೆ ಕೈಯಿಂದ ಬಣ್ಣ ತುಂಬಿದೆ, ಅದೂ ಕಟ್ಟಡವನ್ನು ಕಣ್ಣಾರೆ ಕಾಣದೆ, ಕಪ್ಪುಬಿಳುಪು ಫೋಟೋದಿಂದ ತೆಗೆದ ಚಿತ್ರಕ್ಕೆ. ಹಿರಿಯರು ಇಳಿಸಿದ ತಟ್ಟೆಯಲ್ಲಿ ಕೋರ್ಟಿನ ಗೋಡೆ ಗುಲಾಬಿ ಬಣ್ಣದ್ದು. ಆ ಊರಿಗೆ ಹೋಗಿ ನೋಡಿದ್ದೇನೆ, ಕಟ್ಟಡ ಬೂದುಗಲ್ಲಿನದು. ದಿನವೂ ಅದರ ಮುಂದೆ ಓಡಾಡುತ್ತಿದ್ದವರು ದುಡ್ಡು ಕೊಟ್ಟು ಗುಲಾಬಿ ಕೋರ್ಟನ್ನೇ ಕೊಂಡು, ಒಡೆಯದಂತೆ ಕಪಾಟಿನಲ್ಲಿಟ್ಟು, ಮಕ್ಕಳಿಗೆ ಬಿಟ್ಟು ಹೋದರು. ಅವರನ್ನು ಯಾರೂ ಸಂಬಂಧ ಕೇಳಿರಲಾರರು.

ಇನ್ನು ಇದರಲ್ಲಿ ಊಟ ಮಾಡುತ್ತೀರಾ ಎಂದು ಕೇಳುವವರಿಗೆ: ಇಲ್ಲ. ಆಳವಿಲ್ಲದ ತಟ್ಟೆ, ಸಾರು ನಿಲ್ಲುವುದಿಲ್ಲ.